ಕೊಡೆಯ ಮೆಮೊ, ಹಗ್ಗದ ಮೆಮೊ

ಕಂಪ್ಯೂಟರಿನ ಮೇಲೆ ನನಗೆ ಗೌರವ ಹುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಹತ್ತು ನಿಮಿಷದ ಮಟ್ಟಿಗೆ. ಉಳಿದ ಕಾಲವೆಲ್ಲ ಅದನ್ನು ಕಂಡರೆ ತಾತ್ಸಾರ. ಅದನ್ನು ತಂದವರನ್ನು ಕಂಡರೆ ಇನ್ನೂ ಹೆಚ್ಚು ತಾತ್ಸಾರ. ಅದರ ಮುಂದೆ ಕೂತು ಹೊಟ್ಟೆ ಹೊರೆದ ನನ್ನ ಬಗ್ಗೆ ಏನು ಹೇಳಬೇಕೋ ಅದನ್ನು ಓದುವವರು ಕೊನೆಗೆ ಹೇಳಿಕೊಳ್ಳಲಿ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಬೈಕಂಪಾಡಿಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಎಪ್ಪತ್ತರ ದಶಕದಲ್ಲಿ ಹಂಪನಕಟ್ಟೆಯ ಒಂದು ಮಾಳಿಗೆಯ ಮೇಲೆ, ಅಕ್ಷರ ಅರ್ಧ ಸವೆದ ಯಂತ್ರದಲ್ಲಿ ಇಂಗ್ಲಿಷ್ ಟೈಪಿಂಗ್ ಕಲಿತವನು. ಕಾರ್ಖಾನೆಯ ಧಣಿಗಳು ದೊಡ್ಡ ಗುತ್ತಿನ ಮನೆಯವರು, ಹಳೆಯ ಜಮೀನ್ದಾರರು. ಗದ್ದೆಗಳೆಲ್ಲ ಒಕ್ಕಲಿನವರ ಪಾಲಾದ ಮೇಲೆ ಉಳಿದದ್ದನ್ನು ಹಾಕಿ ಈ ಕಾರ್ಖಾನೆ ಕಟ್ಟಿದ್ದರು. ಅವರಿಗೆ ಮಕ್ಕಳಿದ್ದರೂ ಕಾರ್ಖಾನೆಯ ಬೀಗದ ಕೈ ಬಂದದ್ದು ಅಕ್ಕನ ಮಗನ ಕೈಗೆ. ಅಳಿಯಸಂತಾನದ ಆ ಮನೆಯ ಕಟ್ಟು ಹಾಗೆ. ಈ ಅಳಿಯನನ್ನು ನಾವೆಲ್ಲ ಸಣ್ಣ ಧಣಿ ಎನ್ನುತ್ತಿದ್ದೆವು. ಬೊಂಬಾಯಿಯಲ್ಲಿ ಎರಡು ವರ್ಷ ಏನೋ ಕಲಿತು ಬಂದವನು. ಏನು ಕಲಿತನೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಕಂಪ್ಯೂಟರು ತಂದವನು ಅವನೇ. ಅದಕ್ಕೆಂದು ಆಫೀಸಿನ ಮೂಲೆಯಲ್ಲಿ ಗಾಜಿನ ಕೋಣೆ ಕಟ್ಟಿಸಿ ಏಸಿ ಹಾಕಿಸಿದ. ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಆಚೆ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಅಂಟಿನ ಹಬೆಯಲ್ಲಿ ಬೇಯುತ್ತಿದ್ದರು. ಅಲ್ಲಿ ಎರಡೇ ಫ್ಯಾನು, ಅದರಲ್ಲಿ ಒಂದು ತಿರುಗುವುದು ಗಾಳಿ ಬಂದರೆ ಮಾತ್ರ. ಕಂಪ್ಯೂಟರಿಗೆ ಮಾತ್ರ ಸೆಖೆ ಆಗಬಾರದು. ಆಯುಧಪೂಜೆಗೆ ಅದಕ್ಕೆ ಒಂದು ಚೆಂಡು ಮಲ್ಲಿಗೆಯ ಮಾಲೆ ಸುತ್ತಿ, ಪರದೆಯ ನಡುವೆ ಕುಂಕುಮದ ಬೊಟ್ಟು ಇಟ್ಟ. ಆ ಬೊಟ್ಟನ್ನು ಒರೆಸಲು ಧೈರ್ಯವಿಲ್ಲದೆ ನಾನು ಒಂದು ವಾರ ಕೆಂಪು ಚುಕ್ಕೆಯ ಹಿಂದಿನ ಅಕ್ಷರಗಳನ್ನು ಊಹಿಸಿ ಓದಿದೆ.

ಯಂತ್ರದ ಮಹಿಮೆ ತೋರಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ಆಟ. ಯಾರು ಬಂದರೂ ಗಾಜಿನ ಕೋಣೆಗೆ ಕರೆದು ತರುತ್ತಿದ್ದ.

"ಒಂದು ಶಬ್ದ ಹೇಳಿ. ಯಾವುದಾದ್ರೂ ಒಂದು. ನಮ್ಮ ಲೆಟರಿನಲ್ಲಿ ಎಲ್ಲಿದ್ರೂ ಇದು ಹುಡುಕಿ ಕೊಡ್ತದೆ."

ಬಂದವರು ಪಾಪ, ತಡವರಿಸಿ, ಪೆಟ್ಟಿಗೆ ಎಂದೋ ಲಾರಿ ಎಂದೋ ಹೇಳುವರು. ನಾನು ಅದನ್ನು ಇಂಗ್ಲಿಷಿನಲ್ಲಿ ಒತ್ತಬೇಕು. ಯಂತ್ರ ಗರಗರ ಎಂದು ಸ್ವಲ್ಪ ಹೊತ್ತು ಒದ್ದಾಡಿ, ಮೊದಲು ಒಂದು ಗೆರೆ ಎಳೆದು ಫೈಲಿನ ಹೆಸರು ಹೇಳುತ್ತಿತ್ತು, ಅದರ ಕೆಳಗೆ ಆ ಶಬ್ದ ಇರುವ ಸಾಲುಗಳನ್ನು ತೋರಿಸುತ್ತಿತ್ತು. ಶಬ್ದ ಇಲ್ಲದಿದ್ದರೆ ಫೈಲಿನ ಹೆಸರು ಮಾತ್ರ, ಕೆಳಗೆ ಖಾಲಿ. ಪೆಟ್ಟಿಗೆ ಮಾಡುವ ಕಾರ್ಖಾನೆಯ ಪತ್ರಗಳಲ್ಲಿ ಪೆಟ್ಟಿಗೆ ಎಂಬ ಶಬ್ದ ಸಿಗುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬಂದವರು ಮಾತ್ರ ಹುಬ್ಬೇರಿಸಿ "ಎಂತಹ ಮಂಡೆ ಮಾರಾಯ್ರೆ ಇದಕ್ಕೆ!" ಎನ್ನುವರು. ಸಣ್ಣ ಧಣಿ ಆ ಮಂಡೆ ತನ್ನದೇ ಎಂಬಂತೆ ನಗುತ್ತಿದ್ದ.

ಕಂಪ್ಯೂಟರು ಬರುವ ಮೊದಲು ಆಫೀಸಿನ ಪ್ರತಿಯೊಂದು ಪತ್ರಕ್ಕೂ ಒಂದು ಕಾರ್ಬನ್ ಪ್ರತಿ ಇರುತ್ತಿತ್ತು. ತೆಳ್ಳಗಿನ ಗುಲಾಬಿ ಕಾಗದ. ಅವನ್ನೆಲ್ಲ ನಾನು ತಿಂಗಳ ಪ್ರಕಾರ ದಾರದಲ್ಲಿ ಕಟ್ಟಿ ಕಪಾಟಿನಲ್ಲಿ ಇಡುತ್ತಿದ್ದೆ. ಯಾವ ಪತ್ರ ಕೇಳಿದರೂ ಎರಡು ನಿಮಿಷದಲ್ಲಿ ತೆಗೆದು ಕೊಡುತ್ತಿದ್ದೆ. ಆಗ ನನ್ನ ಮಂಡೆಯನ್ನು ಯಾರೂ ಹೊಗಳಲಿಲ್ಲ. ಯಂತ್ರ ಬಂದ ಮರುತಿಂಗಳು ಸಣ್ಣ ಧಣಿ ಕಪಾಟು ಖಾಲಿ ಮಾಡಿಸಿ, ಅಷ್ಟನ್ನೂ ಹಳೆ ಪೇಪರಿನವನಿಗೆ ತೂಕಕ್ಕೆ ಹಾಕಿದ.

"ಇನ್ನು ಕಾರ್ಬನ್ ಎಲ್ಲ ಬೇಡ. ಎಲ್ಲ ಇದರ ಹೊಟ್ಟೆಯಲ್ಲಿ ಉಂಟಲ್ಲ" ಎಂದ.

ಹೊಟ್ಟೆ ಎಂದರೆ ಫ್ಲಾಪಿ, ತೆಂಗಿನ ಗರಿಯಷ್ಟೂ ಗಟ್ಟಿಯಿಲ್ಲದ ಕಪ್ಪು ಚೌಕ. ಒಂದೇ ಪೆಟ್ಟಿಗೆ ಫ್ಲಾಪಿ ತಂದಿದ್ದರು. ಅದನ್ನು ಅವನು ಬೀಗ ಹಾಕಿ ಇಟ್ಟು, ನಾನು ಹೊಸದು ಕೇಳಿದರೆ ಅವನ ಮನೆಯ ಬೆಳ್ಳಿಯ ತಟ್ಟೆ ಕೇಳಿದವನಂತೆ ನೋಡುತ್ತಿದ್ದ. ಹಾಗಾಗಿ ಒಂದು ಅಪ್ಪಣೆ ಹೊರಡಿಸಿದ. ಹೊರಗಿನ ಪತ್ರಗಳಿಗೆ ಒಂದೊಂದು ಫೈಲು. ಒಳಗಿನ ಮೆಮೊಗಳಿಗೆ, ಎಂದರೆ ಶೆಡ್ಡಿನಿಂದ ಆಫೀಸಿಗೆ ಬರುವ ದೂರು, ಆಫೀಸಿನಿಂದ ಶೆಡ್ಡಿಗೆ ಹೋಗುವ ಆಜ್ಞೆ ಇಂಥದಕ್ಕೆಲ್ಲ, ಒಂದೇ ಫೈಲು. ಹಳೆಯ ಮೆಮೊ ತೆರೆಯುವುದು, ಅದನ್ನು ಒರೆಸಿ ಅಲ್ಲೇ ಹೊಸತು ಹೊಡೆಯುವುದು, ಒಂದು ಪ್ರತಿ ಅಚ್ಚು ತೆಗೆದು ಅವನ ಮೇಜಿಗೆ ಇಡುವುದು. ಮುಂದಿನ ಮೆಮೊ ಬಂದಾಗ ಮತ್ತೆ ಅದನ್ನೇ ಒರೆಸುವುದು. ಎಲ್ಲ ಇದರ ಹೊಟ್ಟೆಯಲ್ಲಿ ಉಂಟು ಎಂದವನೇ, ಒಂದು ತುತ್ತು ಕಕ್ಕಿಸಿ ಇನ್ನೊಂದು ತಿನ್ನಿಸುವ ಏರ್ಪಾಡು ಮಾಡಿದ. ನಾನು ಸರಿ ಎಂದೆ. ಅವನು ಏನು ಹೇಳಿದರೂ ನಾನು ಸರಿ ಎನ್ನುತ್ತಿದ್ದೆ.

ಶೆಡ್ಡಿನ ಯಂತ್ರಗಳನ್ನೆಲ್ಲ ನೋಡಿಕೊಳ್ಳುವುದು ಒಬ್ಬ ಫಿಟ್ಟರು. ನನಗಿಂತ ಐದಾರು ವರ್ಷ ದೊಡ್ಡವರು, ಮನೆ ಕುಲಶೇಖರದಲ್ಲಿ. ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಎಣ್ಣೆಯ ಚಿಂದಿ. ಕಾರ್ಖಾನೆಯಲ್ಲಿ ಯಾರಾದರೂ ದೂರು ಹೇಳಬೇಕಿದ್ದರೆ ನೇರ ಸಣ್ಣ ಧಣಿಯ ಹತ್ತಿರ ಹೇಳುವಂತಿಲ್ಲ. ಅದು ಇಂಗ್ಲಿಷಿನಲ್ಲಿ ಮೆಮೊ ಆಗಿ ಬರಬೇಕು. ಹೇಳುವವರಿಗೆ ಇಂಗ್ಲಿಷ್ ಬಾರದು, ಕೇಳುವವನಿಗೆ ತುಳು ಚೆನ್ನಾಗಿ ಬರುತ್ತದೆ. ಆದರೂ ನಡುವೆ ನಾನೊಬ್ಬ ಕೂತು ತುಳುವನ್ನು ಇಂಗ್ಲಿಷು ಮಾಡಬೇಕು, ಅವನು ಅದನ್ನು ಓದಿ ಮತ್ತೆ ತುಳುವಿನಲ್ಲಿ ಬಯ್ಯಬೇಕು.

ಫಿಟ್ಟರು ಮೊದಲ ಸಲ ಬಂದಾಗ ಮಳೆಗಾಲ ಸುರುವಾಗಿತ್ತಷ್ಟೆ. ರಟ್ಟು ಕತ್ತರಿಸುವ ಯಂತ್ರದ ಬೆಲ್ಟಿನ ಮೇಲಿನ ತಗಡಿನ ಮುಚ್ಚಳದ ಬೋಲ್ಟುಗಳು ಸವೆದು ಬಿದ್ದಿವೆ, ಹೊಸ ಬೋಲ್ಟು ಬೇಕು ಎಂದರು. ನಾನು ಹೊಡೆದೆ, ಅಚ್ಚು ತೆಗೆದೆ, ಮೇಜಿನ ಮೇಲೆ ಇಟ್ಟೆ. ಮೂರು ವಾರ ಬಿಟ್ಟು ಮತ್ತೆ ಬಂದು ಅದನ್ನೇ ಹೇಳಿದರು. ಮತ್ತೆ ಹೊಡೆದೆ. ಮೂರನೆಯ ಸಲ ಬಂದಾಗ ಅವರು ನಿಂತುಕೊಂಡೇ ಹೇಳಿದರು, ನಾನು ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮುಚ್ಚಳವನ್ನು ತೆಂಗಿನ ಹಗ್ಗದಲ್ಲಿ ಕಟ್ಟಿಟ್ಟಿದ್ದೇನೆ ಅಂತ ಬರೀರಿ. ಹಗ್ಗ ಎಷ್ಟು ದಿವಸ ನಿಲ್ತದೆ? ಮಿಷನ್ ನಿಲ್ಸಿ ಅಂದ್ರೆ ನಿಲ್ಸುವುದಿಲ್ಲ. ನಾಳೆ ಯಾರದಾದ್ರೂ ಕೈ ಹೋಗ್ತದೆ. ಹಾಗೇ ಬರೀರಿ, ಕೈ ಹೋಗ್ತದೆ ಅಂತ."

ನಾನು ಹಾಗೇ ಬರೆಯಲಿಲ್ಲ. ಹಗ್ಗದ ಮಾತು ಹಾಕಿದೆ, ಕೈಯ ಮಾತನ್ನು ನಯ ಮಾಡಿದೆ. ತಾತ್ಕಾಲಿಕವಾಗಿ ತೆಂಗಿನ ಹಗ್ಗದಿಂದ ಭದ್ರಪಡಿಸಲಾಗಿದೆ, ಅಹಿತಕರ ಘಟನೆಯ ಸಂಭವವನ್ನು ತಳ್ಳಿಹಾಕಲಾಗದು, ಮೂರನೆಯ ಬಾರಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಇಂಗ್ಲಿಷಿನಲ್ಲಿ ಇದು ಇನ್ನೂ ಚಂದ ಕಾಣುತ್ತಿತ್ತು. ನನ್ನ ವಾಕ್ಯ ನೋಡಿ ನನಗೇ ಹೆಮ್ಮೆಯಾಯಿತು ಎಂದು ಬರೆಯಲು ಈಗ ಅಸಹ್ಯವಾಗುತ್ತದೆ.

ಎರಡು ದಿನ ಬಿಟ್ಟು ಸಣ್ಣ ಧಣಿ ಒಂದು ಮೆಮೊ ಹೇಳಿದ. ಹೆಂಗಸರು ಒದ್ದೆ ಕೊಡೆಗಳನ್ನು ಆಫೀಸಿನ ಮೆಟ್ಟಿಲ ಮೇಲೆ ಬಿಡಿಸಿಡುತ್ತಾರೆ, ಬಂದವರಿಗೆ ಅಸಹ್ಯ ಕಾಣುತ್ತದೆ, ಇನ್ನು ಮುಂದೆ ಕೊಡೆಗಳನ್ನು ಮಡಚಿ ಹಿಂದಿನ ಗೋಡೆಗೆ ಒರಗಿಸಿಡತಕ್ಕದ್ದು. ನಾನು ಫಿಟ್ಟರ ಮೆಮೊ ತೆರೆದು, ಹಗ್ಗವನ್ನು ಒರೆಸಿ, ಕೊಡೆಯನ್ನು ಹೊಡೆದೆ.

ಮತ್ತೆ ಒಂದು ವಾರ ಹೋಗಲಿಲ್ಲ. ಹಗ್ಗ ತುಂಡಾಗಿ ಮುಚ್ಚಳ ಸರಿಯಿತು, ರಟ್ಟು ಎಳೆಯುತ್ತಿದ್ದ ಹುಡುಗಿಯ ಬಲಗೈ ಬೆಲ್ಟಿಗೆ ಹೋಯಿತು. ಎರಡು ಬೆರಳು ಹೋದವು. ಇಪ್ಪತ್ತು ದಾಟಿದ್ದ ಹುಡುಗಿ. ಅವಳದ್ದೂ ಕುಲಶೇಖರವೇ, ಫಿಟ್ಟರ ಮನೆಯಿಂದ ಎರಡು ಮನೆ ಮೇಲೆ. ಕೆಲಸಕ್ಕೆ ಸೇರಿಸಿದ್ದೂ ಫಿಟ್ಟರೇ. ಎರಡೂ ಮನೆಗೆ ಒಂದೇ ಬಾವಿ.

ನಾಲ್ಕನೆಯ ದಿನ ವಿಚಾರಣೆ. ಹುಡುಗಿ ಇನ್ನೂ ಆಸ್ಪತ್ರೆಯಲ್ಲಿದ್ದಳು. ಅವಳ ಪರವಾಗಿ ಅವಳ ತಾಯಿಯ ಅಣ್ಣ ಬಂದಿದ್ದರು. ಹಿರಿಯ ಧಣಿಗಳು ಅಪರೂಪಕ್ಕೆ ಗಾಜಿನ ಕೋಣೆಗೆ ಬಂದು ಕೂತರು. ಸಣ್ಣ ಧಣಿ ಪಕ್ಕದಲ್ಲಿ. ಫಿಟ್ಟರು ಗೋಡೆಯ ಹತ್ತಿರ, ಬರಿಗಾಲಲ್ಲಿ. ನಾನು ಯಂತ್ರದ ಮುಂದೆ.

"ನಾನು ಮೂರು ಸಲ ಹೇಳಿದ್ದೇನೆ. ಮೆಮೊ ಕೊಟ್ಟಿದ್ದೇನೆ" ಎಂದರು ಫಿಟ್ಟರು.

"ನನ್ನ ಟೇಬಲಿಗೆ ಅಂಥದ್ದು ಬರಲೇ ಇಲ್ಲ" ಎಂದ ಸಣ್ಣ ಧಣಿ. ಅವನ ಮೇಜಿನಿಂದ ಕಾಗದಗಳು ಎಲ್ಲಿಗೆ ಹೋಗುತ್ತಿದ್ದವೆಂದು ಕಸ ಗುಡಿಸುವ ಹೆಂಗಸಿಗೆ ಗೊತ್ತಿತ್ತು. ಅವಳನ್ನು ಯಾರೂ ಕೇಳಲಿಲ್ಲ. "ಇರಲಿ, ನನ್ನ ಮಾತೂ ಬೇಡ, ಇವರ ಮಾತೂ ಬೇಡ. ಕಂಪ್ಯೂಟರ್ ಉಂಟಲ್ಲ, ಅದು ಯಾರ ಪರವೂ ಅಲ್ಲ. ಹುಡುಕಿ" ಎಂದು ನನಗೆ ಹೇಳಿದ.

ಬೆಲ್ಟ್ ಎಂದು ಒತ್ತಿದೆ. ಮೆಮೊ ಫೈಲಿನ ಹೆಸರು ಬಂತು, ಕೆಳಗೆ ಖಾಲಿ. ಬೋಲ್ಟ್ ಎಂದು ಒತ್ತಿದೆ, ಖಾಲಿ. ಮುಚ್ಚಳ, ಖಾಲಿ. ಉಳಿದ ಫೈಲುಗಳಲ್ಲೂ ಒಂದೊಂದಾಗಿ ನೋಡಲು ಹೇಳಿದ, ನೋಡಿದೆ. ಗರಗರ ಸದ್ದು, ಖಾಲಿ. ಸುಮಾರು ಅರ್ಧ ಗಂಟೆ ನಡೆಯಿತು ಈ ನಾಟಕ. ಹುಡುಗಿಯ ಮಾವ ಪರದೆಯನ್ನೇ ನೋಡುತ್ತಿದ್ದರು, ಅದು ಅವರಿಗೆ ಓದಲು ಬರುತ್ತಿರಲಿಲ್ಲ. ಕೊನೆಗೆ ಹಿರಿಯ ಧಣಿಗಳು ನನ್ನ ಕಡೆ ತಿರುಗಿದರು.

"ನೀವು ಎಂತ ಹೇಳ್ತೀರಿ? ಹೊಡೆಯುವುದು ನೀವೇ ಅಲ್ವಾ?"

ಹೇಳುವುದು ಎರಡೇ ವಾಕ್ಯವಿತ್ತು. ಹೊಡೆದದ್ದು ನಾನೇ; ಸಣ್ಣ ಧಣಿಯ ಅಪ್ಪಣೆಯಂತೆ ಅದರ ಮೇಲೆ ಕೊಡೆಯ ಮೆಮೊ ಹೊಡೆದದ್ದೂ ನಾನೇ. ಸಣ್ಣ ಧಣಿ ನನ್ನನ್ನು ನೋಡುತ್ತಿದ್ದ. ಆ ಅಪ್ಪಣೆ ಅವನಿಗೆ ಮರೆತಿರಲಿಲ್ಲ; ಅವನ ಕಣ್ಣಿನಲ್ಲೇ ಕಾಣುತ್ತಿತ್ತು. ನಾನು ಮೇಜಿನ ಕಡೆ ನೋಡಿ, "ಇದ್ದರೆ ಇದರಲ್ಲಿ ಇರಬೇಕಿತ್ತು" ಎಂದೆ.

ಹೆದರಿದ್ದೆ. ಬೇರೆ ಕಾರಣವೇನೂ ಇಲ್ಲ. ಬಾಡಿಗೆ ಮನೆ, ಎರಡು ಮಕ್ಕಳು, ಹಂಪನಕಟ್ಟೆಯಲ್ಲಿ ಕೆಲಸ ಹುಡುಕುತ್ತಾ ಅಲೆದ ನೆನಪು, ಎಲ್ಲ ನಿಜ. ಫಿಟ್ಟರಿಗೂ ಮನೆ ಮಕ್ಕಳು ಇದ್ದರು. ಆಮೇಲೂ ನಾನು ನಾಲ್ಕು ವರ್ಷ ಅದೇ ಕೋಣೆಗೆ ಚಪ್ಪಲಿ ಕಳಚಿಟ್ಟು ಹೋದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಫಿಟ್ಟರನ್ನು ಕೆಲಸದಿಂದ ತೆಗೆದರು. ಅದಕ್ಕಿಂತ ಕೆಟ್ಟದ್ದು ಕುಲಶೇಖರದಲ್ಲಿ ಆಯಿತು. ಹುಡುಗಿಯ ಮಾವ ಮನೆಗೆ ಹೋಗಿ, ಕಂಪ್ಯೂಟರಿನಲ್ಲೇ ನೋಡಿದ್ದೇನೆ, ಅವನು ಹೇಳಿಯೇ ಇಲ್ಲ, ಸುಳ್ಳ ಎಂದರು. ಕಣ್ಣಾರೆ ಖಾಲಿಯನ್ನು ನೋಡಿ ಬಂದವರ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ಕೆಲಸಕ್ಕೆ ಸೇರಿಸಿದವನೇ ಹುಡುಗಿಯ ಬೆರಳು ತಿಂದ ಎಂದು ಊರು ಮಾತಾಡಿತು. ಫಿಟ್ಟರ ಹೆಂಡತಿ ಬಾವಿಗೆ ಬಂದರೆ ಹುಡುಗಿಯ ತಾಯಿ ಕೊಡಪಾನ ಎತ್ತಿಕೊಂಡು ಒಳಗೆ ಹೋಗುತ್ತಿದ್ದರಂತೆ. ಮತ್ತೆ ಫಿಟ್ಟರ ಹೆಂಡತಿ ಆ ಬಾವಿಯನ್ನೇ ಬಿಟ್ಟು, ಗುಡ್ಡೆಯ ಕೆಳಗಿನ ನಲ್ಲಿ ನೀರಿಗೆ ಹೋಗಲು ಸುರು ಮಾಡಿದರು. ಇದನ್ನೆಲ್ಲ ಶೆಡ್ಡಿನ ಹೆಂಗಸರು ನನ್ನ ಎದುರೇ ಮಾತಾಡುತ್ತಿದ್ದರು. ನಾನು ಕೇಳಿಸಿಕೊಳ್ಳದವನಂತೆ ಟೈಪು ಮಾಡುತ್ತಿದ್ದೆ.

ಏಳೆಂಟು ತಿಂಗಳ ನಂತರ ಕಂಪ್ಯೂಟರು ಮಾರಿದ ಕಂಪನಿಯವನೊಬ್ಬ ಬಂದ. ಮೂರು ತಿಂಗಳಿಗೊಮ್ಮೆ ಬಂದು ಯಂತ್ರಕ್ಕೆ ಬಟ್ಟೆ ಒರೆಸಿ, ಕಾಫಿ ಕುಡಿದು, ಸಹಿ ಹಾಕಿಸಿಕೊಂಡು ಹೋಗುವುದು ಅವನ ಉದ್ಯೋಗ. ಬೈಕಂಪಾಡಿಯ ಸೆಖೆಗೆ ಟೈ ಕಟ್ಟಿಕೊಂಡು ಬರುವವನ ಮೇಲೆ ನನಗೆ ಮೊದಲೇ ಸದಭಿಪ್ರಾಯವಿರಲಿಲ್ಲ. ಆ ದಿನ ಸಣ್ಣ ಧಣಿ ಊರಲ್ಲಿರಲಿಲ್ಲ. ಟೈಯವನು ಜೇಬಿನಿಂದ ಒಂದು ಫ್ಲಾಪಿ ತೆಗೆದು, "ಇದು ಹೊಸತು. ನೀವು ಒರೆಸಿ ಬಿಸಾಡಿದ್ದನ್ನೂ ಹುಡುಕ್ತದೆ" ಎಂದ.

"ಒರೆಸಿದ್ದು ಮತ್ತೆ ಎಲ್ಲಿ ಇರ್ತದೆ?" ಎಂದು ಕೇಳಿದೆ.

"ಅಲ್ಲೇ ಇರ್ತದೆ. ಮಿಷನ್ ಒರೆಸುವುದೇ ಇಲ್ಲ, ಈ ಜಾಗ ಖಾಲಿ ಅಂತ ಬರ್ಕೊಂಡು ಹೊಸತನ್ನು ಬೇರೆ ಜಾಗದಲ್ಲಿ ಇಡ್ತದೆ ಅಷ್ಟೆ. ಬೇರೆ ಎಂತಾದ್ರೂ ಅಲ್ಲಿ ಬಂದು ಕೂರುವವರೆಗೆ ಹಳೆಯದು ಹಾಗೇ ಉಂಟು. ಒಂದು ಶಬ್ದ ಹೇಳಿ ನೋಡುವ."

ಮತ್ತೆ ಅದೇ ಆಟ. ಬೇಕಾದರೆ ಪೆಟ್ಟಿಗೆ ಎನ್ನಬಹುದಿತ್ತು, ಲಾರಿ ಎನ್ನಬಹುದಿತ್ತು. ನನ್ನ ಬಾಯಿಯಿಂದ ಬಂದದ್ದು ಹಗ್ಗ. ಆ ಆಫೀಸಿನ ಬೇರೆ ಯಾವ ಕಾಗದದಲ್ಲೂ ಆ ಶಬ್ದ ಇರಲು ಕಾರಣವಿರಲಿಲ್ಲ. ಅವನು ಮೆಮೊಗಳ ಫ್ಲಾಪಿ ಹಾಕಿ ಅದನ್ನು ಇಂಗ್ಲಿಷಿನಲ್ಲಿ ಒತ್ತಿದ. ಯಂತ್ರ ಗರಗರ ಎಂದಿತು. ಪರದೆಯಲ್ಲಿ ಏನೇನೋ ಚಿತ್ತಾರದ ನಡುವೆ ನನ್ನದೇ ವಾಕ್ಯ ಎದ್ದು ಬಂತು. ತಾತ್ಕಾಲಿಕವಾಗಿ ತೆಂಗಿನ ಹಗ್ಗದಿಂದ. ಮೇಲಿನ ಎರಡು ಸಾಲು ಹೋಗಿತ್ತು, ತಾರೀಕು ಉಳಿದಿತ್ತು, ಫಿಟ್ಟರ ಹೆಸರು ಉಳಿದಿತ್ತು, ಮೂರನೆಯ ಬಾರಿ ಎಂಬುದು ಉಳಿದಿತ್ತು.

ಆ ಹತ್ತು ನಿಮಿಷ ನನಗೆ ಯಂತ್ರದ ಮೇಲೆ ಗೌರವ ಬಂದದ್ದು ನಿಜ. ನಾನು ನುಂಗಿದ್ದನ್ನು ಅದು ನುಂಗಿರಲಿಲ್ಲ. ಟೈಯವನು ತನ್ನ ಸಾಹಸಕ್ಕೆ ತಾನೇ ಮೆಚ್ಚಿಕೊಂಡು ಒಂದು ಪ್ರತಿ ಅಚ್ಚು ತೆಗೆದು ಕೊಟ್ಟ, ಅದರಲ್ಲಿ ಏನಿದೆಯೆಂದು ಓದಲೂ ಇಲ್ಲ. ನಾನು ಅದನ್ನು ಮಡಚಿ ಬುತ್ತಿಯ ಚೀಲದಲ್ಲಿ ಹಾಕಿಕೊಂಡೆ. ಧಣಿಗಳಿಗೆ ತೋರಿಸುವ ಧೈರ್ಯ ಆಗಲೂ ಬರಲಿಲ್ಲ.

ಫಿಟ್ಟರು ಆಗ ತೊಕ್ಕೊಟ್ಟಿನಲ್ಲಿ ಒಂದು ಪಂಪು ರಿಪೇರಿಯ ಅಂಗಡಿಯಲ್ಲಿದ್ದರು. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊಳೆ ದಾಟಿ ಹೋದೆ. ದಾರಿಯುದ್ದಕ್ಕೂ ನನಗೊಂದು ಹುರುಪು. ಕಳೆದುಹೋದ ಮಗುವನ್ನು ಹುಡುಕಿ ತಂದವನ ಹಾಗೆ ಬೀಗುತ್ತಿದ್ದೆ. ಅವರು ಒಂದು ಮೋಟಾರು ಬಿಚ್ಚಿ ಹರಡಿಕೊಂಡು ಕೂತಿದ್ದರು. ಕಾಗದ ಚಾಚಿ ಹಿಡಿದು, ಎಲ್ಲ ಹೇಳಿದೆ. ಕಂಪ್ಯೂಟರು ಹೇಗೆ ಹುಡುಕಿತು ಎಂಬುದನ್ನೂ ವಿವರಿಸಿದೆ. ಅವರು ಎಣ್ಣೆಯ ಕೈಯಲ್ಲಿ ಕಾಗದ ಮುಟ್ಟಲಿಲ್ಲ, ನಾನು ಹಿಡಿದಿದ್ದಂತೆ ನೋಡಿದರು.

"ಇದು ನನಗೆ ಯಾಕೆ? ನನಗೆ ಗೊತ್ತಿಲ್ಲದ್ದು ಎಂತ ಉಂಟು ಇದರಲ್ಲಿ? ನಾನೇ ಹೇಳಿದ್ದಲ್ವಾ?" ಎಂದರು. ಮತ್ತೆ ಒಂದು ಸ್ಕ್ರೂ ಹುಡುಕಿ ತೆಗೆದು, ಅದನ್ನು ಒರೆಸುತ್ತಾ ಕೇಳಿದರು. "ನಿಮಗೂ ಗೊತ್ತಿತ್ತಲ್ಲ. ಮಿಷನ್ ಹೇಳ್ಬೇಕಾಯ್ತಾ?"

ನಾನು ಕಾಗದವನ್ನು ಮತ್ತೆ ಮಡಚಿದೆ.

"ತೋರಿಸುವುದಾದ್ರೆ ಆ ಹುಡುಗಿಯ ಮನೆಯಲ್ಲಿ ತೋರಿಸಿ. ನನ್ನ ಹೆಂಡತಿ ಗುಡ್ಡೆ ಹತ್ತಿ ನೀರು ತರ್ತಾ ಇದ್ದಾಳೆ" ಎಂದು ಮೋಟಾರಿನ ಕಡೆ ತಿರುಗಿದರು. ಕೂತುಕೊಳ್ಳಿ ಎಂದು ಹೇಳಲಿಲ್ಲ.

ಅಲ್ಲಿಂದಲೇ ವಾಪಸು ಹೊಳೆ ದಾಟಿ ಕುಲಶೇಖರದ ಬಸ್ಸು ಹತ್ತಿದೆ. ಮನೆಗೆ ಹೋದರೆ ಮತ್ತೆ ಹೊರಡುವುದಿಲ್ಲವೆಂದು ನನಗೆ ನನ್ನ ಗುಣ ಗೊತ್ತಿತ್ತು. ಹುಡುಗಿಯ ಮನೆಯಲ್ಲಿ ಮಾವ ಇರಲಿಲ್ಲ. ತಾಯಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಆಫೀಸಿನವರು ಬಂದಿದ್ದಾರೆಂದು ಬೀಡಿಯೆಲೆಯ ಮೊರ ಪಕ್ಕಕ್ಕೆ ಸರಿಸಿ, ಚಾಪೆ ಹಾಸಿದರು. ಹುಡುಗಿ ಬೆಲ್ಲದ ತಟ್ಟೆ ತಂದಿಟ್ಟು, ನೀರಿನ ಲೋಟ ತಂದಳು. ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಎಡಗೈಯಲ್ಲಿ ಲೋಟ ನೀಡುತ್ತಾ, "ಎಡಗೈಯಲ್ಲಿ ಕೊಡ್ತಾ ಇದ್ದೇನೆ, ಬೇಜಾರು ಮಾಡ್ಬೇಡಿ" ಎಂದಳು.

ನಾನು ಲೋಟ ಕೆಳಗಿಟ್ಟು ಕಾಗದ ತೆಗೆದು ಚಾಪೆಯ ಮೇಲೆ ಬಿಡಿಸಿಟ್ಟೆ. ತಾಯಿ ಬಗ್ಗಿ ನೋಡಿದರು, ಹುಡುಗಿಯೂ ನೋಡಿದಳು. ಇಬ್ಬರೂ ಮುಖ ಎತ್ತಿ ನನ್ನನ್ನೇ ನೋಡಿದರು. ಆಗ ನನ್ನ ಪೆದ್ದುತನ ನನಗೆ ಹೊಳೆಯಿತು. ಅದು ಇಂಗ್ಲಿಷಿನಲ್ಲಿತ್ತು. ಅಷ್ಟು ಚಂದದ ಇಂಗ್ಲಿಷು, ಆ ಮನೆಯಲ್ಲಿ ಒಲೆ ಹಚ್ಚಲು ಮಾತ್ರ ಉಪಯೋಗ.

"ಎಂತ ಬರ್ದಿದೆ? ಓದಿ ಹೇಳಿ" ಎಂದರು ತಾಯಿ.

ಯಂತ್ರದ ಹಿಂದೆ ಅಡಗಿ ಬಂದವನಿಗೆ ಅಲ್ಲಿ ಬಾಯಿ ಬಿಡದೆ ದಾರಿ ಇರಲಿಲ್ಲ. ತುಳುವಿನಲ್ಲಿ, ಫಿಟ್ಟರು ಹೇಳಿದ ಮಾತಿನಲ್ಲೇ ಹೇಳಿದೆ. ಮೂರು ಸಲ ಬಂದು ಹೇಳಿದ್ದಾರೆ. ಹಗ್ಗದಲ್ಲಿ ಕಟ್ಟಿಟ್ಟಿದ್ದೇನೆ ಎಂದಿದ್ದಾರೆ. ಮಿಷನ್ ನಿಲ್ಲಿಸಿ ಎಂದಿದ್ದಾರೆ. ಕೈ ಹೋಗ್ತದೆ ಎಂದಿದ್ದಾರೆ. ಈ ಸಲ ಏನನ್ನೂ ನಯ ಮಾಡಲಿಲ್ಲ. ಬರೆದದ್ದು ನಾನು, ಅದನ್ನು ಒರೆಸಿ ಕೊಡೆಯ ವಿಷಯ ಬರೆದದ್ದೂ ನಾನು ಎಂದೆ.

ತಾಯಿ ಎದ್ದು ಅಂಗಳಕ್ಕೆ ಇಳಿದು, ಬಾವಿಕಟ್ಟೆಯ ಹತ್ತಿರ ನಿಂತು ಕೆಳಗಿನ ಫಿಟ್ಟರ ಮನೆಯ ಕಡೆ "ಅಕ್ಕಾ" ಎಂದು ಕರೆದರು. ಒಂದು ಸಲ ಕರೆದಾಗ ಯಾರೂ ಬರಲಿಲ್ಲ. ಮತ್ತೆ ಕರೆದರು.

ಹುಡುಗಿ ನನ್ನ ಎದುರೇ ನಿಂತಿದ್ದಳು.

"ಆ ದಿವಸ ಮಾವ ಆಫೀಸಿಗೆ ಬಂದಿದ್ದರಲ್ಲ, ಹುಡುಕಿ ನೋಡಿದ ದಿವಸ" ಎಂದು ಕೇಳಿದಳು. "ಆಗ ನೀವು ಎಲ್ಲಿದ್ದಿರಿ?"

"ಅಲ್ಲೇ ಇದ್ದೆ. ಹುಡುಕಿದ್ದು ನಾನೇ."

ಅವಳು ಬಗ್ಗಿ, ನಾನಿನ್ನೂ ಕುಡಿಯದ ಲೋಟವನ್ನೂ ಬೆಲ್ಲದ ತಟ್ಟೆಯನ್ನೂ ಒಂದೊಂದಾಗಿ ಎಡಗೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು. ಈ ಸಲ ಬೇಜಾರು ಮಾಡಬೇಡಿ ಎನ್ನಲಿಲ್ಲ.